ಬಾಣಲೆಯಲ್ಲಿ ನಾಲ್ಕು ಪ್ಲಗ್ಗು

ಗ್ಯುಮ್ರಿಯ ಜನವರಿ. ಮೈನಸ್ ಇಪ್ಪತ್ತಾರು.
ಅತ್ತೆ ವರ್ದುಶ್ ಬಾಣಲೆಯಲ್ಲಿ ಹುರಿಯುತ್ತಿರುವುದು
ಬೀಜವಲ್ಲ, ಬದನೆಯಲ್ಲ,
ನಮ್ಮ ಜಿಗುಲಿಯ ನಾಲ್ಕು ಸ್ಪಾರ್ಕ್ ಪ್ಲಗ್ಗು.
ಬಿಳಿ ಪಿಂಗಾಣಿ ಸೊಂಟದವು, ಮಗ್ಗುಲು ಬದಲಿಸುತ್ತ
ಟಿಣ್ ಟಿಣ್ ಎನ್ನುತ್ತವೆ.
ಪರದೆಗೆಲ್ಲ ಪೆಟ್ರೋಲು ವಾಸನೆ,
ಭಾನುವಾರದ ತನಕ ಬಿಡೋದಿಲ್ಲ ಇದು ಎಂದು ಗೊಣಗುತ್ತಾಳೆ,
ಆದರೂ ಮಗುಚುತ್ತಾಳೆ ಚಮಚದಲ್ಲಿ, ಸೀಯದಂತೆ.

ಆರುವ ಮೊದಲೇ ಉಣ್ಣೆಯ ಕಾಲುಚೀಲಕ್ಕೆ ಸುರಿದುಕೊಂಡು
ನಾಲ್ಕು ಮಹಡಿ ಇಳಿದು ಓಡಬೇಕು ನಾನು.
ಒಂದು, ಎರಡು, ನಾಲ್ಕು ಹೊತ್ತಿದವು.
ಮೂರನೆಯದು ಮುನಿಸು ಬಿಡಲಿಲ್ಲ.
ಕುಂಟುತ್ತಲೇ ಹನ್ನೊಂದು ಅಂಗಡಿಗೆ
ಲವಾಶ್ ರೊಟ್ಟಿ ಮುಟ್ಟಿಸಿ ಬಂದೆವು, ಕಾರೂ ನಾನೂ.

ಮಧ್ಯಾಹ್ನ ನಾಲ್ಕನ್ನೂ ಮತ್ತೆ ಬಿಚ್ಚಿ
ಸಾಲು ತಪ್ಪದಂತೆ ಮೊಟ್ಟೆಯ ರಟ್ಟಿನಲ್ಲಿಟ್ಟುಕೊಂಡು
ನಡೆದೇ ಹೋದೆ ಹ್ರಾಚಿಕ್‌ನ ಕಂಟೇನರ್ ಅಂಗಡಿಗೆ.
ಕನ್ನಡಕ ಹಣೆಗೇರಿಸಿ ಒಂದೊಂದನ್ನೇ ಮೂಸಿದ,
ಉಗುರಲ್ಲಿ ಕೆರೆದ.
"ಒಂದು, ಎರಡು: ಬಿಸ್ಕತ್ತಿನ ಬಣ್ಣ, ಆರೋಗ್ಯ.
ನಾಲ್ಕು, ಸ್ವಲ್ಪ ಮಸಿ, ಅದೇನಲ್ಲ.
ಮೂರು?"
ನನ್ನ ಅಂಗೈಗೇ ಒರೆಸಿದ. ಕಾಡಿಗೆಯಂಥ ಎಣ್ಣೆ.
"ಇದು ಪ್ಲಗ್ಗಿನ ತಪ್ಪಲ್ಲ ಶೋಘಿಕ್. ಒಳಗೆ ರಿಂಗು ಸವೆದಿದೆ.
ಪ್ಲಗ್ಗು ಬರೀ ಚಾಡಿ ಹೇಳುತ್ತೆ."

ಗಾಜಿನೊಳಗಿನ ಇರಿಡಿಯಂ ಕಡೆ ಬೆರಳು ಮಾಡಿದೆ.
ಲಕ್ಷ ಕಿಲೋಮೀಟರು, ಡಬ್ಬಿಯ ಮೇಲೆ ಬರೆದಿತ್ತು.
ಅವನ ಚಿನ್ನದ ಹಲ್ಲು ನಕ್ಕಿತು:
"ಮೂಗಿಗಿಂತ ಮೂಗುತಿ ಭಾರ.
ಎಣ್ಣೆ ಕುಡಿಯೋ ಇಂಜಿನ್ನಿಗೆ ಯಾವ ಲೋಹವಾದರೇನು?
ಹದಿನೇಳನೇ ನಂಬರಿಂದು ತಗೋ.
ತೀರಾ ತಣ್ಣನೆಯದು ಮಸಿ ಹಿಡಿಯುತ್ತೆ,
ತೀರಾ ಬಿಸಿಯದು ಪಿಸ್ಟನ್ನೇ ತಿನ್ನುತ್ತೆ.
ನಾಲ್ಕಲ್ಲ, ಐದು ತಗೋ. ಮೂರನೆಯವನಿಗೆ ಒಂದು ಹೆಚ್ಚು."
ಚಿಲ್ಲರೆ ಇರಲಿಲ್ಲ. ಬದಲಿಗೆ
ಗೇಣುದ್ದ ರಬ್ಬರ್ ಕೊಳವೆ ಕತ್ತರಿಸಿ ಕೊಟ್ಟ.

ರಾತ್ರಿ ಝಾವೆನ್ ಫೋನು, ಸುರ್ಗುತ್‌ನಿಂದ.
ಅಲ್ಲಿ ಮೈನಸ್ ನಲವತ್ತು. ಪೈಪು ಬೆಸೆಯುತ್ತಾನೆ, ಮಾತು ಕಡಿಮೆ.
ಕಾರಿನ ವಿಷಯಕ್ಕೆ ಮಾತ್ರ ನಾಲಗೆ ಸಡಿಲ:
"ಸಂದು ನೋಡ್ಕೋ. ಪಾಯಿಂಟ್ ಆರು.
ಕೂದಲೆಳೆಯಷ್ಟೂ ಹೆಚ್ಚು ಬೇಡ."
ಹೂಂ, ಎಂದೆ.

ಹೋದ ಚಳಿಗಾಲದಲ್ಲೇ ಹಳೆಯ ಇಗ್ನಿಷನ್ನು ಕೀಳಿಸಿ
ಎಲೆಕ್ಟ್ರಾನಿಕ್ ಹಾಕಿಸಿದ್ದೇನೆ, ರೊಟ್ಟಿಯ ದುಡ್ಡಲ್ಲಿ.
ಈಗ ಸಂದು ಪಾಯಿಂಟ್ ಎಂಟು.
ಹೇಳಬಹುದಿತ್ತು.
ಅವನ ತಲೆಯಲ್ಲಿ ಈ ಕಾರು ಅವನು ಬಿಟ್ಟುಹೋದ ಹಾಗೇ ಇದೆ,
ಇರಲಿ,
ಆ ಚಳಿಯಲ್ಲಿ ಅದೊಂದು ಬೆಚ್ಚಗಿರಲಿ.

ಬೆಳಿಗ್ಗೆ ಗುಂಡಿಗಳ ಸುತ್ತಲ ಧೂಳು ಊದಿ
ತೆಳುಪಟ್ಟಿಯನ್ನು ಸಂದಿನಲ್ಲಿ ತೂರಿಸಿದೆ,
ತುಸು ಹಿಡಿದು, ಬಿಟ್ಟುಕೊಟ್ಟಿತು,
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.
ಕೊಳವೆಯ ತುದಿಗೆ ಪ್ಲಗ್ಗು ಸಿಕ್ಕಿಸಿ
ಬರೀ ಬೆರಳಲ್ಲಿ ತಿರುಗಿಸಿದೆ.
ಥ್ರೆಡ್ಡು ಅಡ್ಡ ಸಿಕ್ಕರೆ ರಬ್ಬರು ತಾನೇ ಜಾರುತ್ತದೆ,
ಸ್ಪ್ಯಾನರಿಗೆ ಆ ಬುದ್ಧಿಯಿಲ್ಲ.
ಕೂತ ಮೇಲೆ ಅರ್ಧ ಸುತ್ತು. ಸಾಕು.
ಅಲ್ಯೂಮಿನಿಯಮ್ಮು ಹಟ ಸಹಿಸದು.

ಕೀಲಿ ತಿರುಗಿಸಿದೆ. ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ
ನಾಲ್ಕೂ ಒಟ್ಟಿಗೇ ಹಿಡಿದವು, ಮೂರನೆಯದೂ.
ಹಿಂದೆ ನೀಲಿ ಹೊಗೆ. ಹ್ರಾಚಿಕ್ ಸುಳ್ಳು ಹೇಳುವವನಲ್ಲ.
ಮೂರು ವಾರವೋ, ನಾಲ್ಕೋ.
ಐದನೆಯದು ಕೋಟಿನ ಜೇಬಿನಲ್ಲಿದೆ, ನನ್ನ ಬಿಸಿಗೆ.

ಮೇಲೆ ಕಿಟಕಿಯಲ್ಲಿ ವರ್ದುಶ್
ಬಾಣಲೆ ಎತ್ತಿ ತೋರಿಸಿದಳು: ಇವತ್ತು ಮೊಟ್ಟೆ ಹಾಕಲೇ?
ಹಾರ್ನು ಒತ್ತಿದೆ, ಒಂದೇ ಸಲ.

ಮೊಟ್ಟೆಗೆ ಪೆಟ್ರೋಲಿನ ಸೊಗಡಿತ್ತು.
ಇಬ್ಬರೂ ಏನೂ ಹೇಳದೆ ತಿಂದೆವು.