ಖಾಲಿ ತೂಕ

ಫ್ಯಾನ್ ಆರಿಸಿದ್ದೇನೆ, ಮೈಕಿಗೆ ಸದ್ದು ಬೀಳದಿರಲೆಂದು.
ಕೌಲ್ ಬಜಾರಿನ ಏಪ್ರಿಲ್, ತಗಡಿನ ಮಾಡು.
ಜೀನ್ಸ್ ದಾರದ ಎರಡು ಕೋನುಗಳ ನಡುವೆ ಫೋನು ನಿಲ್ಲಿಸಿ
"ನಮಸ್ಕಾರ್ರೀ" ಅನ್ನುವಷ್ಟರಲ್ಲಿ ಗದ್ದದ ಬೆವರು ಕೀಬೋರ್ಡಿಗೆ.

ಗುಜರಿಯವನು ಕಿಲೋ ಲೆಕ್ಕದಲ್ಲಿ ಕೊಟ್ಟ ಕಂಪ್ಯೂಟರು;
ಸಂಡೂರು ರಸ್ತೆಯ ಕಾಟಾದಲ್ಲಿ ಅದಿರಿನ ಲಾರಿ ತೂಗುತ್ತಿದ್ದದ್ದು.
ಬೋರಲು ಹಾಕಿ ತಟ್ಟಿದೆ:
ಕೆಂಪು ದೂಳು, ಒಂದು ಹಿಡಿ. ಬೀಡಿ ತುಂಡು. ಯಾರದೋ ಗುಂಡುಸೂಜಿ.
ಇದನ್ನು ಕಟ್ ಮಾಡುವುದಿಲ್ಲ, ಪೂರ್ತಿ ನಿಮಿಷ ಇರಲಿ.

ಡಿಸ್ಕು ಗರಗರ ಅಂದು, ತಡೆದು, ಮತ್ತೆ ಗರಗರ ಅಂದು
ಹಸಿರಕ್ಷರದಲ್ಲಿ ಇವತ್ತಿನ ತಾರೀಖು ಕೇಳಿತು.
ಒಳಗಿನ ಸೆಲ್ಲು ಸತ್ತು ಎಷ್ಟು ಕಾಲವೋ,
ಅದಕ್ಕಿನ್ನೂ ಎಂಬತ್ತರ ಜನವರಿ ಒಂದು.

ವನ್ನೂರಪ್ಪನವರನ್ನು ಕರೆಸಿದ್ದೆ, ರಾತ್ರಿ ಪಾಳಿ
ಹನ್ನೊಂದು ವರ್ಷ ಇದರ ಮುಂದೆ ಕೂತವರು.
ಕ್ಯಾಮೆರಾ ನೋಡಿ ಮಾತಾಡಿ ಅಂದರೆ ಮಾತಿಲ್ಲ;
ಬೆರಳು ತಾನೇ ಎಫ್ ಮೂರು ಒತ್ತಿತು,
ಯಾವುದೋ ಲಾರಿಯ ನಂಬರು ಬಾಯಿಪಾಠದಂತೆ ಹೊಡೆಯಿತು.
ಪರದೆಯಲ್ಲಿ ತೂಕ: ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ.

ಕಾಟಾದ ವೈರು ಇಲ್ಲವಲ್ಲ ಅಂಕಲ್, ಸೊನ್ನೆಯೇ ಬರುತ್ತೆ, ಅಂದೆ.
ಅವರು ನನ್ನ ಕಡೆ ತಿರುಗಲಿಲ್ಲ.
"ತಡಿಯಮ್ಮ, ಕ್ಲೀನರ್ ಹುಡುಗ ಇನ್ನಾ ಕೆಳಗಿಳಿದಿಲ್ಲ."