ಮಂಗಳವಾರದ ಕಿವಿಗಳು

ಬಿಲ್ಲೆಯ ಮೇಲೆ ನೀಲಾಂಬಿಕೆ ಎಂದಿದೆ.
ಹಲ್ ಊರಿನ ಬಾಯಲ್ಲಿ ನಾನು ನೀಲ್,
ಗಂಡಸಿನ ಹೆಸರು. ಇರಲಿ ಬಿಡಿ,
ಕಿವಿ ಕಟ್ಟಿಸಿಕೊಂಡು ಬಂದವರ ಹತ್ತಿರ
ಉಚ್ಚಾರಣೆಗೆ ಜಗಳವಾಡುವುದುಂಟೆ?

ಹೆಸಲ್ ರೋಡಿನ ಈ ಕೋಣೆಗೆ ಮಂಗಳವಾರ ಮಂಗಳವಾರ
ಗುಗ್ಗೆ ಬರುತ್ತದೆ, ಹಿಂದೆಯೇ ಅದರ ಯಜಮಾನರು.
ಬೆಲ್ಲದ ಪಾಕದಂಥದ್ದು, ಹಳೆ ಹುಣಿಸೆಯಂಥದ್ದು,
ಅವಲಕ್ಕಿಯ ಹಾಗೆ ಒಣಗಿ ಉದುರುವಂಥದ್ದು,
ಹತ್ತಿ ಸುತ್ತಿದ ಕಡ್ಡಿಯಲ್ಲಿ ದಿನಾ ಒತ್ತಿ ಒತ್ತಿ
ತಮಟೆಗೆ ಮೆತ್ತಿದ್ದು.

ಹೇಳುತ್ತೇನೆ, ದಿನಕ್ಕೆ ಹದಿನಾಲ್ಕು ಸಲ:
ಅದು ಬಾಗಿಲಲ್ಲಿ ಕೂತ ಆಳು,
ಧೂಳು ಹಿಡಿಯುತ್ತದೆ, ಹುಳು ತಡೆಯುತ್ತದೆ,
ನೀವು ಉಂಡು ದವಡೆ ಆಡಿಸಿದಷ್ಟೂ
ತಾನೇ ತೆವಳಿ ಹೊಸ್ತಿಲಿಗೆ ಬರುತ್ತದೆ.
ಬಂದದ್ದನ್ನು ಒದ್ದೆಬಟ್ಟೆಯಲ್ಲಿ ಒರೆಸಿ,
ಕರೆಯಲು ಒಳಗೆ ಹೋಗಬೇಡಿ.
ಕಿವಿಗೆ ಮೇಣದಬತ್ತಿ ಹಚ್ಚಿಟ್ಟುಕೊಳ್ಳುವವರೂ ಇದ್ದಾರೆ,
ಅವರಿಗೆ ಸುಟ್ಟಗಾಯದ ಕೋಣೆ ಬೇರೆ, ಎಡಕ್ಕೆ ತಿರುಗಿ.

ಸ್ಟಾಥರ್ಸ್ ಅಜ್ಜನಿಗೆ ಎಂಬತ್ತಮೂರು.
ಕಾಡ್ ಮೀನಿನ ಬೆನ್ನುಹತ್ತಿ ಮಂಜುಗಡ್ಡೆಯ ಕಡಲಿಗೆ ಹೋಗಿ ಬಂದವನು.
ಮೊದಲ ಸಲ ಬಂದಾಗ
ಬಲೆ ಹೆಣೆಯುವ ಮರದ ಸೂಜಿಯನ್ನು ಜೇಬಿನಿಂದ ತೆಗೆದು
"ಇದರ ತುದಿ ಬಲು ಹಿತ" ಎಂದ, ಹೆಮ್ಮೆಯಿಂದ.
ಇಸಿದುಕೊಂಡು ತಟ್ಟೆಯಲ್ಲಿಟ್ಟೆ,
ಶಾಲೆಯಲ್ಲಿ ಮೇಷ್ಟ್ರು ಬುಗುರಿ ಕಸಿದ ಹಾಗೆ.

ನನಗೂ ಒಬ್ಬಳು ಸೋದರತ್ತೆ ಇದ್ದಳು.
ಗದಗಿನ ಬಿಸಿಲಿಗೆ ನನ್ನ ತಲೆ ಹೊರಳಿಸಿ
ತೊಡೆಯ ಮೇಲಿಟ್ಟುಕೊಂಡು, ತುರುಬಿನ ಪಿನ್ನು ಕಳಚಿ
"ಅಲುಗಾಡಬ್ಯಾಡ" ಅಂದಳು.
ಅಲುಗಾಡಿದೆ. ಏಳು ವರ್ಷ ನನಗೆ, ಕಾಲ ಮೇಲೆ ನೊಣ ಕೂತಿತ್ತು.
ಎಡಗಿವಿಯ ತಮಟೆಯಲ್ಲಿ ಆ ತೂತು ಇನ್ನೂ ಇದೆ.
ಅವರಿವರಿಗೆ ಬರೆದುಕೊಡುವ ಎಣ್ಣೆ
ನನ್ನ ಎಡಕ್ಕೆ ವರ್ಜ್ಯ, ಒಂದು ತೊಟ್ಟೂ.
ಅತ್ತೆ ಸಾಯುವವರೆಗೂ ನನ್ನ ಬಲಕ್ಕೇ ಕೂತು ಮಾತಾಡಿದಳು.

ಎರಡು ವಾರ ಆಲಿವ್ ಎಣ್ಣೆ ಬಿಟ್ಟುಕೊಂಡು ಬಂದಿದ್ದ ಅಜ್ಜ,
ಮಗ್ಗುಲಾಗಿ ಮಲಗಿ, ಹೇಳಿಕೊಟ್ಟ ಹಾಗೆ.
ಮೀನು ಕರಿದದ್ದಲ್ಲ ತಾನೇ?
"ಹೊಸ ಬಾಟಲಿ" ಎಂದ, ಮುಖ ಸಣ್ಣದು ಮಾಡಿ.
ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಸಣ್ಣ ಕೊಳವೆ ಇಳಿಸಿ
ಸುಯ್ ಎಂದು ಎಳೆದೆ. ಬಲ. ಆಮೇಲೆ ಎಡ.
ಸ್ವಲ್ಪ ಹೊತ್ತು ಕೂತೇ ಇದ್ದ.
"ಯಾರು ಕಾಗದ ಹರಿಯುತ್ತಿರುವುದು?"
ನೀವೇ ಅಜ್ಜ, ನೀವು ಕೂತ ಹಾಸು.
"ಆ ಗಡಿಯಾರ?"
ಮೊದಲಿನಿಂದ ಅಲ್ಲೇ ಇದೆ.
"ಥೂ, ಎಷ್ಟು ಗದ್ದಲ ಈ ಊರು" ಎಂದು ನಕ್ಕ,
ತನ್ನ ನಗುವಿಗೆ ತಾನೇ ಬೆಚ್ಚಿದ.

ಹೊರಗೆ ಬೆಂಚಿನ ಮೇಲೆ ಮಾವಿಸ್, ತೊಡೆಯ ಮೇಲೆ ಚೀಲ.
"ಪೂರಾ ತೆಗೆದೆಯಾ? ಎರಡೂ ಕಡೆ?"
ಹೂಂ ಎಂದೆ.
"ಮೂರು ವರ್ಷದಿಂದ ಪಾತ್ರೆ ತೊಳೆಯುತ್ತ
ಅವನ ಬೆನ್ನಿಗೆ ಎಲ್ಲ ಹೇಳಿಕೊಂಡೆ.
ಅವನ ತಂಗಿಯ ವಿಷಯ. ಆ ಹಳದಿ ಕೋಟಿನ ವಿಷಯ.
ಅವನು ಕಡಲಲ್ಲಿದ್ದಾಗ ಹುಟ್ಟಿ, ಹಡಗು ದಡ ಮುಟ್ಟುವುದರೊಳಗೆ
ಹೋಗಿಬಿಟ್ಟ ಕೂಸಿಗೆ ನಾನಿಟ್ಟಿದ್ದ ಹೆಸರು.
ಇನ್ನು ಎಲ್ಲಿ ಹೇಳಲಿ?"

ಅವಳು ನನ್ನ ಎಡಕ್ಕಿದ್ದಳು. ಎದ್ದು, ಸುತ್ತಿ ಬಂದು,
ಅವಳನ್ನು ಬಲಕ್ಕೆ ಮಾಡಿಕೊಂಡು ಕೂತೆ.
ಗೋಡೆಯ ತುಂಬ ನಮ್ಮ ಕರಪತ್ರ: ಎಣ್ಣೆ ಎಷ್ಟು ತೊಟ್ಟು,
ಕಡ್ಡಿ ಯಾಕೆ ಬೇಡ, ಯಾವಾಗ ಬರಬೇಕು.

ಒಳಗಿನಿಂದ, ಕೋಟಿನ ಗುಂಡಿ ಹಾಕುತ್ತ,
ಎಂದಿಗಿಂತ ಮೆತ್ತಗೆ ಅವನ ದನಿ:
"ಯಾವ ಹೆಸರು, ಮಾವಿಸ್?"