ಹನ್ನೊಂದು ದಿನದ ಗ್ರಾನಡಾ

ಮಂಡಿ ಮೊಹಲ್ಲಾದಲ್ಲಿ ಹತ್ತಾಯಿತೆಂದರೆ
ಊರಿಗೇ ಆಕಳಿಕೆ. ಶೆಟರುಗಳು
ಒಂದರ ಹಿಂದೊಂದು ಕೆಮ್ಮಿ ಕೂರುತ್ತವೆ.
ಖಾಲಿಕನ ಚಹದಂಗಡಿಗೆ ಮಾತ್ರ ಅರ್ಧ ಬಾಗಿಲು,
ಉಳಿದರ್ಧ ಪೊಲೀಸರ ಭಯ.
ಅಲ್ಲೇ ಕೇಳುತ್ತಾರೆ ದಿನಾ:
‘ಕುಸುರಿ ಕೆಲಸ ತೋರಿಸೋಕೆ ಅಷ್ಟು ದೂರ ಹೋದಿರಲ್ಲ ಸಾಬ್ರೇ,
ಏನಿತ್ತು ಆ ಊರಲ್ಲಿ?’

ಏನಿತ್ತು!
ಹತ್ತಕ್ಕೆ ಅಲ್ಲಿ ಜನ ತಲೆ ಬಾಚಿಕೊಂಡು ಹೊರಡುತ್ತಾರೆ ಕಣಪ್ಪಾ,
ಕೂಸು, ಮುದುಕ, ಊರುಗೋಲು ಸಮೇತ,
ರಾತ್ರಿಯೇ ಒಂದು ಮದುವೆಮನೆ,
ಮನೆಮನೆಗೂ ಕರೆಯೋಲೆ ಬಂದಿರುವ ಹಾಗೆ.
ಒಂದು ಲೋಟ ಏನೇ ಕುಡಿ,
ಜೊತೆಗೊಂದು ಪುಟ್ಟ ತಟ್ಟೆ ಬಿಟ್ಟಿ.
ನಮ್ಮ ಹೋಟೆಲಿನಲ್ಲಿ ಎರಡನೇ ಸಲ
ಸಾಂಬಾರ್ ಹಾಕಿಸಿಕೊಳ್ಳುವ ಸಲುಗೆ ಇದೆಯಲ್ಲ,
ಅದನ್ನೇ ಊರಿಗೆ ಊರೇ ಕಾನೂನು ಮಾಡಿಕೊಂಡಿದೆ.
ನಾನು ದ್ರಾಕ್ಷಿ ರಸ ಹೇಳಿದೆ. ತಟ್ಟೆ ಬಂತು,
ತೆಳ್ಳಗೆ, ಕೆಂಪಗೆ, ಬೆಳಕು ಹಾಯುವ ಮಾಂಸ.
ಭಾಷೆ ಬಾರದು. ಮೂಗಿನ ತುದಿ ಮೇಲಕ್ಕೊತ್ತಿ
‘ಗುರ್ ಗುರ್?’ ಎಂದೆ.
ಇಡೀ ಅಂಗಡಿ ನಕ್ಕಿತು. ಹುಡುಗಿ ಅದನ್ನೊಯ್ದು
ಕರಿದ ಬದನೆಕಾಯಿ ತಂದಿಟ್ಟಳು, ಮೇಲೆ ಕಪ್ಪು ಜೇನು.
ಜೇನಲ್ಲ, ನಾಲಗೆಗೆ ಗೊತ್ತಾಯಿತು:
ಕಬ್ಬಿನ ಪಾಕ.
ಮಂಡ್ಯದ ಆಲೆಮನೆಯಿಂದ ಯಾರೋ
ಒಂದು ಸೌಟು ಎತ್ತಿ ಸಮುದ್ರದಾಚೆ ಹಾಕಿದ ಹಾಗೆ.

ಗುಡ್ಡದ ಮೇಲೆ ಅರಮನೆ. ಕೆಂಪು.
ನಮ್ಮದಕ್ಕೆ ಭಾನುವಾರ ದೀಪ ಹತ್ತಿದರೆ ಊರು ‘ಹೋ’ ಅನ್ನುತ್ತದೆ,
ಆರಿದರೆ ಇನ್ನೊಂದು ‘ಹೋ’.
ಅಲ್ಲಿ ಬಲ್ಬಿನ ಸಾಲಿಲ್ಲ,
ದಮ್ಮಿಗಿಟ್ಟ ಹಂಡೆಯ ಕೆಳಗಿನ ಕೆಂಡದ ಥರ ಒಂದು ಬೆಳಕು, ಅಷ್ಟೆ.
ಒಳಗೆ ಗೋಡೆಯ ತುಂಬ ಅರಬ್ಬಿ,
ಬೆತ್ತಕ್ಕೆ ಹೆದರಿ ನಾನು ಕಲಿತ ಅಕ್ಷರ.
ಒಂದೇ ಮಾತು ಸಾವಿರ ಸಲ:
ಗೆಲ್ಲುವವನು ಅವನೊಬ್ಬನೇ.
ಬರೆಸಿದವರು ಸೋತು ಹೋದರು. ಗೆದ್ದವರೂ ಹೋದರು.
ಟಿಕೆಟ್ಟು ಹರಿಯುವವನು ಇದ್ದಾನೆ.

ನನ್ನದು ದೊರೆಯನ್ನು ನೋಡುವ ಕಣ್ಣಲ್ಲ, ಬೆಸುಗೆ ನೋಡುವ ಕಣ್ಣು.
ಮೂವತ್ತು ವರ್ಷ ಬೀಟೆಯಲ್ಲಿ ಆನೆ ಕೂರಿಸಿದವನು.
ಅಲ್ಲಿ ಆನೆಯಿಲ್ಲ, ಕೊಡ ಹೊತ್ತ ಹೆಣ್ಣಿಲ್ಲ,
ನಕ್ಷತ್ರದ ಬಸಿರಲ್ಲಿ ನಕ್ಷತ್ರ, ಅದರ ಬಸಿರಲ್ಲಿ ಇನ್ನೊಂದು.
ಕತ್ತು ನೋಯುವಷ್ಟು ಹುಡುಕಿದೆ. ಸಿಕ್ಕಿತು:
ಮೂಲೆಯಲ್ಲೊಂದು ನಕ್ಷತ್ರ,
ಅದರ ಒಂದು ತುದಿ ಕೂದಲೆಳೆಯಷ್ಟು ಕೂಡಿಲ್ಲ.
ಅವತ್ತು ಅವನ ಮಗುವಿಗೆ ಜ್ವರವಿತ್ತೋ,
ಮೇಸ್ತ್ರಿ ಕೂಲಿ ಹಿಡಿದಿದ್ದನೋ.
ಏಳುನೂರು ವರ್ಷ ಹಳಬ,
ಆ ಊರಲ್ಲಿ ನನಗೆ ಸಿಕ್ಕ ಮೊದಲ ನೆಂಟ.

ಎರಡನೆಯವನು ಎವಾರಿಸ್ತೊ.
ಗಲ್ಲಿಯೊಳಗೆ ಅಂಗಡಿ, ಅದೇ ಕುಸುರಿ, ಅದೇ ಸರೇಸಿನ ವಾಸನೆ,
ಎಡ ಹೆಬ್ಬೆರಳಿಗೆ ಗರಗಸ ಕಚ್ಚಿದ ಅದೇ ಗುರುತು.
ನನ್ನದನ್ನು ತೋರಿಸಿದೆ.
ಅವನು ತನ್ನದನ್ನು ಪಕ್ಕಕ್ಕಿಟ್ಟ.
ಸಂಜೆ ಗುಹೆಯಂಥ ಮನೆಗೆ ಕರೆದೊಯ್ದ, ಹಾಡಿಗೆ.
ದಪ್ಪನೆಯ ಮುದುಕಿಯೊಬ್ಬಳು ಕುರ್ಚಿಯಿಂದೇಳದೆ
ಗಂಟಲಿಗೆ ಸಿಕ್ಕಿದ್ದ ಏನನ್ನೋ ಎಳೆದು ಎಳೆದು ಹೊರಗೆ ಹಾಕಿದಳು.
ಹಿಮ್ಮಡಿಗಳು ನೆಲ ಬಡಿದವು.
ನನಗೇಕೋ ಅಮ್ಮನ ಮಯ್ಯತ್ತಿನ ದಿನ ನೆನಪಾಯಿತು,
ನಾನು ಅಳದೇ ಇದ್ದದ್ದು.

ಇದನ್ನು ಖಾಲಿಕನಿಗೆ ಹೇಳಿಲ್ಲ.
ಹೊರಡುವಾಗ ಎವಾರಿಸ್ತೊ ಅಂಗೈಗಿಟ್ಟ
ಅಕ್ರೋಟ್ ಮರದ ಚೂರನ್ನೂ ಹೇಳಿಲ್ಲ, ಉಗುರಿನಷ್ಟು.

ಈಗ ಅದನ್ನು ಕೊಯ್ಯುತ್ತಿದ್ದೇನೆ, ಎಳ್ಳಿನ ಗಾತ್ರಕ್ಕೆ.
ಆನೆಯ ಕಣ್ಣಿಗೆ ಸರಿಹೋಗುತ್ತದೆ.
ದಸರೆಗೆ ಯಾರೋ ಕೊಂಡು ಷೋಕೇಸಲ್ಲಿಡುತ್ತಾರೆ,
ಅದು ಗ್ರಾನಡಾದಿಂದ ನೋಡುತ್ತಿರುವುದು
ಅವರಿಗೇನು ಗೊತ್ತು.
ಗಂಟೆ ಹನ್ನೆರಡೂಕಾಲು.
ಒಳಗಿನಿಂದ ರಹೀಮುನ್ನೀಸಾ:
‘ಲೈಟು ಆರಿಸ್ತೀರೋ ಇಲ್ಲವೋ,
ಕರೆಂಟು ಬಿಲ್ಲು ನಿಮ್ಮ ಸ್ಪೇನಿನವರು ಕಟ್ತಾರಾ?’